ವಾಸಿಯಾಗಿ ಬಂದ ಕಾವೇರಿ



ಇವತ್ತು ನಾವು ಒಂದು ಕಾದಂಬರಿಯ ಕಥೆ ಕೇಳೋಣ. ಅದರ ಹೆಸರು ‘ಶರಪಂಜರ’. ಶರ ಅಂದರೆ ಬಾಣ. ಬಾಣಗಳಿಂದಲೇ ಕಟ್ಟಿದ ಪಂಜರ ಅಂತ ಇದರ ಅರ್ಥ. ಬರೆದವರು ತ್ರಿವೇಣಿ.

ತ್ರಿವೇಣಿಯವರ ನಿಜವಾದ ಹೆಸರು ಅನಸೂಯಾ. ಹುಟ್ಟಿದ್ದು 1928ರಲ್ಲಿ. ಮೈಸೂರಿನಲ್ಲಿ ಕಾಲೇಜು ಕಲಿತರು. ಮನಸ್ಸಿನ ಶಾಸ್ತ್ರ ಓದಿದರು. ಹೆಣ್ಣುಮಕ್ಕಳ ಮನಸ್ಸಿನ ನೋವನ್ನು ಕಾದಂಬರಿಯಲ್ಲಿ ಬರೆದರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಆಗ ಅವರಿಗೆ 35 ವರ್ಷವೂ ತುಂಬಿರಲಿಲ್ಲ.

ಕಥೆಯ ಹೆಣ್ಣುಮಗಳು ಕಾವೇರಿ. ಓದಿದಾಕೆ, ಜಾಣೆ. ಗಂಡ ಸತೀಶ, ಮೆಚ್ಚಿ ಮದುವೆಯಾದವನು. ಹೆರಿಗೆಯಾದ ಮೇಲೆ ಕಾವೇರಿಯ ಮನಸ್ಸು ಕೆಟ್ಟಿತು. ಆಸ್ಪತ್ರೆಗೆ ಸೇರಿಸಿದರು. ಚಿಕಿತ್ಸೆಯಾಯಿತು. ವಾಸಿಯಾಗಿ ಮನೆಗೆ ಬಂದಳು.

ಕಥೆ ಇಲ್ಲಿಗೇ ಮುಗೀಬೇಕಿತ್ತು, ಹೌದಲ್ರಿ? ಆದರೆ ದೊಡ್ಡ ಕಷ್ಟ ಶುರುವಾದದ್ದೇ ಇಲ್ಲಿಂದ. ರೋಗ ಹೋಗಿತ್ತು, ‘ಹುಚ್ಚಿ’ ಎಂಬ ಹೆಸರು ಹೋಗಲಿಲ್ಲ. ಮಂದಿ ಹೆದರಿ ದೂರ ನಿಂತರು. ಆಕೆಯ ಮಾತನ್ನು ಯಾರೂ ನಂಬಲಿಲ್ಲ. ಗಂಡನೂ ದೂರವಾದ, ಬೇರೆ ಹೆಣ್ಣಿನ ಸಂಗ ಮಾಡಿದ. ಕಾವೇರಿ ಮತ್ತೆ ಆಸ್ಪತ್ರೆ ಸೇರಿದಳು. ಆ ಬಾಣಗಳು ಯಾವುವು ಅಂತ ಈಗ ತಿಳೀತಲ್ಲ? ಮಂದಿಯ ಮಾತು, ಮಂದಿಯ ನೋಟ.

1971ರಲ್ಲಿ ಪುಟ್ಟಣ್ಣ ಕಣಗಾಲ್ ಇದನ್ನು ಸಿನಿಮಾ ಮಾಡಿದರು. ಕಲ್ಪನಾ ಕಾವೇರಿಯಾದರು. ನಿಮ್ಮಲ್ಲಿ ಕೆಲವರು ನೋಡಿರಬಹುದು.

ಇದು ಮೈಸೂರು ಕಡೆಯ ಕಥೆ, ನಮಗ್ಯಾಕೆ ಅನ್ನಬ್ಯಾಡ್ರಿ. ಬಾಣಂತಿ ಸನ್ನಿ ಅನ್ನೋ ಮಾತು ನಮಗೂ ಗೊತ್ತು. ಸಾವಿರ ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ ಈ ರೋಗ ಬರುತ್ತದೆ. ಹೆಚ್ಚಾಗಿ ಹೆರಿಗೆಯಾದ ಎರಡು ವಾರದೊಳಗೆ ಬರುತ್ತದೆ. ನಿದ್ದೆ ಹಾರಿ ಹೋಗುತ್ತದೆ. ಇಲ್ಲದ ದನಿ ಕೇಳುತ್ತದೆ. ‘ಈ ಕೂಸು ನಂದಲ್ಲ’ ಅಂತಲೂ ಅನ್ನಬಹುದು. ಆಗ ನಮ್ಮಲ್ಲಿ ಏನಂತಾರ? ‘ಗಾಳಿ ಸೋಕೇದ, ದೆವ್ವ ಬಡದದ.’ ತಾಯಿತ ಕಟ್ಟಿಸುವುದರಲ್ಲಿ ದಿನ ಹೋಗುತ್ತವೆ.

ಇದು ದೆವ್ವ ಅಲ್ರಿ, ರೋಗ. ಬಾಣಂತಿಯ ತಪ್ಪೂ ಅಲ್ಲ. ಔಷಧದಿಂದ ವಾಸಿಯಾಗುತ್ತದೆ. ಆದರೆ ತಡ ಮಾಡಿದರೆ ತಾಯಿ, ಕೂಸು ಇಬ್ಬರ ಜೀವಕ್ಕೂ ಅಪಾಯ. ಆಕೆಯನ್ನು ಒಬ್ಬಳೇ ಬಿಡಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬಾದಾಮಿ ಬನಶಂಕರಿಗೆ ಹರಕೆ ಹೊರ್ರಿ, ಬ್ಯಾಡ ಅನ್ನೂದಿಲ್ಲ. ಡಾಕ್ಟರಿಗೆ ಮಾತ್ರ ಮೊದಲು ತೋರಿಸ್ರಿ. ಮುಂದಿನ ಹೆರಿಗೆಯಲ್ಲೂ ರೋಗ ಮರಳಬಹುದು. ಬಸಿರಾದಾಗಲೇ ಡಾಕ್ಟರಿಗೆ ಹೇಳಿ.

ಹತ್ತಿರದಲ್ಲಿ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ ಇದೆ. ಮನಸ್ಸಿನ ರೋಗಕ್ಕೆಂದೇ ಧಾರವಾಡದಲ್ಲಿ ಸರಕಾರಿ ದವಾಖಾನೆ ಇದೆ. ಫೋನ್ ಮಾಡಿಯೂ ಕೇಳಬಹುದು. ನಂಬರು 14416. ಇದನ್ನು 2022ರಲ್ಲಿ ಸರಕಾರ ಶುರು ಮಾಡಿತು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ನಿಮ್ಮ ಕೈಯಿಂದಲೇ ಬರೆದಿಡಿ.

ಇಳಕಲ್ಲ, ಹುನಗುಂದದ ಕಡೆ ಮಗ್ಗದ ಕೆಲಸ ಬಲ್ಲವರಿದ್ದೀರಿ. ನೇಯುವಾಗ ಎಳೆ ಹರಿದರೆ ಏನು ಮಾಡ್ತೀರಿ? ಗಂಟು ಹಾಕಿ ಮುಂದೆ ನೇಯ್ತೀರಿ. ಒಂದು ಎಳೆ ಹರೀತು ಅಂತ ಸೀರೆ ಒಗೆಯೋದಿಲ್ಲ. ಮನುಷ್ಯರನ್ನು ಒಗೆಯಬಹುದೇನ್ರಿ?

ನಿಮ್ಮ ಓಣಿಯಲ್ಲೂ ಆಸ್ಪತ್ರೆಯಿಂದ ಬಂದ ಒಬ್ಬ ಕಾವೇರಿ ಇರಬಹುದು. ಈ ವಾರ ಆಕೆಯ ಮನೆಗೆ ಹೋಗಿ ಬರ್ರಿ. ಅರಿಷಿಣ ಕುಂಕುಮಕ್ಕ ಕರೀರಿ. ಆಕೆಯ ಗುಳಿಗೆ ತಪ್ಪದಂತೆ ಮನೆಯವರಿಗೆ ಹೇಳಿ. ಆಕೆ ಸಿಟ್ಟಾದರೆ ‘ಮತ್ತ ಸುರು ಆತು’ ಅನ್ನಬ್ಯಾಡ್ರಿ. ಸಿಟ್ಟು ನಮಗೂ ಬರ್ತದ. ಆಕೆಯನ್ನು ನಮ್ಮ ಕಲಿಕೆಯ ಕೇಂದ್ರಕ್ಕೂ ಕರಕೊಂಡು ಬರ್ರಿ. ಚಾಪೆಯ ಮೇಲೆ ಜಾಗ ಇದೆ.