ಗ್ರಂಥವೂ ಕಾಯಕವೂ



ನಾವಿಂದು ಮನೆಮನೆಯಲ್ಲಿ ಓದುವ ವಚನಗಳು ಅನಾಯಾಸವಾಗಿ ದೊರೆತವುಗಳಲ್ಲ. ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. 1925ರಲ್ಲಿ ಸ್ವಂತ ಮನೆಯನ್ನು ಮಾರಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಹಾವೇರಿ ಸೀಮೆಯ ಗಳಗನಾಥರಂತೂ ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಕೊಳ್ಳುವ ಕೈಗಳಿದ್ದುದರಿಂದಲೇ ಆ ಕಾಯಕವು ನಡೆಯಿತು.

ಇಂದು ಅಂತರ್ಜಾಲದ ದೊಡ್ಡ ಅಂಗಡಿಗಳಿಂದ ಗ್ರಂಥಗಳು ಮನೆಬಾಗಿಲಿಗೆ ಬರುತ್ತವೆ. ಅನುಕೂಲವೇನೋ ಸರಿ. ಆದರೆ ಬೆಲೆಯಲ್ಲಿ ಒಂದು ಪಾಲು ಅಂಗಡಿಗೂ ಇನ್ನೊಂದು ಸಾಗಣೆಗೂ ಸಲ್ಲುವದು. ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದವರಿಗೆ ಉಳಿಯುವದು ಅಲ್ಪ. ತಮ್ಮ ಗ್ರಂಥವನ್ನು ಓದಿದವರಾರೆಂಬದೂ ಅವರಿಗೆ ತಿಳಿಯದು.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಸುತ್ತಲೂ ಹೀಗೆ ತಾವೇ ಬರೆದು ತಾವೇ ಅಚ್ಚು ಹಾಕಿಸುವವರುಂಟು. ಅವರು ಎದುರಾದಾಗ ನಾವು ಶಾಲು ಹೊದಿಸುವೆವು. ಗ್ರಂಥವನ್ನು ಮಾತ್ರ ಪುಕ್ಕಟೆಯಾಗಿ ಕೇಳುವೆವು! ಕಾಯಕವನ್ನು ಹೊಗಳಿ ಅದರ ಬೆಲೆಯನ್ನು ಕೊಡದಿರುವದು ಶರಣಧರ್ಮವೇ? ನಾವು ಕೊಡುವ ಹಣವು ದಾನವಲ್ಲ. ಅವರ ದುಡಿಮೆಗೆ ಸಲ್ಲತಕ್ಕದ್ದು.

ಆದುದರಿಂದ ಈ ಮಹೋತ್ಸವದ ನೆನಪಿಗಾಗಿ ಮನೆಗೊಂದು ಗ್ರಂಥವನ್ನಾದರೂ, ಬರೆದವರ ಕೈಯಿಂದಲೇ, ಪೂರ್ಣ ಬೆಲೆಯನ್ನಿತ್ತು ಕೊಂಡುಕೊಳ್ಳಿರಿ. ಅವರು ದೂರದಲ್ಲಿದ್ದರೆ ಪತ್ರ ಬರೆದು ಅಂಚೆಯಿಂದ ತರಿಸಿರಿ. ಕೊಂಡದ್ದನ್ನು ಓದಿರಿ, ಓದಿದ ಮೇಲೆ ಅವರಿಗೆ ನಾಲ್ಕು ಸಾಲು ಬರೆಯಿರಿ.