ಸೊಪ್ಪಿನ ಮಡಿಗೆ ಹಸಿ ಗೊಬ್ಬರ ಬೇಡ



ಕೊಟ್ಟಿಗೆ ಗೊಬ್ಬರ ಬಿಟ್ಟರೆ ನಮಗೆ ಬೇಸಾಯವಿಲ್ಲ, ನಿಜ. ಆದರೆ ನಾವು ಮಾಡ್ತಿರೋದೇನು? ನಿನ್ನೆ ಬಾಚಿದ ಸಗಣಿಯನ್ನು ಇವತ್ತೇ ಕೊತ್ತಂಬರಿ ಮಡಿಗೆ ಸುರಿಯುತ್ತೇವೆ. ಹಸಿ ಗೊಬ್ಬರದಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾ ಎಂಬ ರೋಗಾಣುಗಳಿರಬಹುದು. ಮಳೆಹನಿ ಸಿಡಿದರೂ ಎಲೆಗೆ ಅಂಟುತ್ತವೆ. ತೊಳೆದರೆ ಪೂರಾ ಹೋಗೋದಿಲ್ಲ. ಹುಳಿಗಾದರೆ ಬೇಯಿಸುತ್ತೇವೆ, ಕೋಸಂಬರಿಗೆ ಹಸಿಯಾಗೇ ಹಾಕಿ ಮಕ್ಕಳಿಗೂ ಬಡಿಸ್ತೀವಲ್ಲ!

ಅಮೆರಿಕದ ಸಾವಯವ ನಿಯಮದಂತೆ, ಇಂಥ ಬೆಳೆಗೆ ಹಸಿ ಗೊಬ್ಬರ ಮಣ್ಣಿಗೆ ಸೇರಿಸಿದ ಮೇಲೆ ಕೊಯ್ಲಿಗೆ 120 ದಿನ ಬಿಡಬೇಕು. ನಮ್ಮ ಹರಿವೆ ತಿಂಗಳಿಗೇ ಕೊಯ್ಲು! ಹಾಗಾಗಿ ಕಳಿತ ಗೊಬ್ಬರವೇ ಗತಿ. ಉದ್ದಕ್ಕೆ ರಾಶಿ ಹಾಕಿ, 15 ದಿನವಾದರೂ 55 ಡಿಗ್ರಿ ಸೆಲ್ಸಿಯಸ್‌ಗೆ ಕಮ್ಮಿಯಾಗದಂತೆ ಕಾವು ಉಳಿಸಿ, ಅಷ್ಟರಲ್ಲಿ ಐದು ಸಲ ಮಗುಚಬೇಕು. ಹೊರಮೈಗೆ ಕಾವು ತಾಗೋದು ಮಗುಚಿದಾಗಲೇ.

ಆಳು ಸಿಗಲ್ಲ ಅಂತೀರಿ. ನಮಗೂ ಸಿಗಲಿಲ್ಲ, ನಾಲ್ಕು ಮನೆಯವರು ಮುಯ್ಯಾಳಾಗಿ ಸೇರಿದೆವು. ನಾಳೆ ನಮ್ಮ ಹಿತ್ತಲಿನ ಸರದಿ.