ಕಲ್ಲು, ಕಡಿ, ಗುಡಿ, ನುಡಿ

ನಾಶಿಕದಿಂದ, ಸಂಭಾಜಿನಗರದಿಂದ ಮನೆಮಂದಿ ಸಮೇತ ಬಂದಿರುವ ಅಕ್ಕತಂಗಿಯರೇ, ಮಹಿಳಾ ವೇದಿಕೆಯವರು ‘ಮಕ್ಕಳಿಗೆ ಉಪಯೋಗವಾಗುವಂಥದ್ದು ಹತ್ತು ನಿಮಿಷ ಮಾತಾಡಿ’ ಎಂದರು. ನಾನು ಆರಿಸಿಕೊಂಡದ್ದು ಪದಗಳ ಆಟ.

ಬೆಳಿಗ್ಗೆ ಕಾಫಿ ಜೊತೆಗೆ ಫೋನಿನಲ್ಲಿ ವರ್ಡಲ್ ಆಡುವವರು ಇಲ್ಲಿ ಕೆಲವರಾದರೂ ಇರುತ್ತೀರಿ. ಐದು ಅಕ್ಷರದ ಒಂದು ಇಂಗ್ಲಿಷ್ ಪದ, ಊಹಿಸಲು ಆರು ಅವಕಾಶ. ಜೋಶ್ ವಾರ್ಡಲ್ ಎಂಬ ಎಂಜಿನಿಯರ್ ಇದನ್ನು ಮಾಡಿದ್ದು ತಮ್ಮ ಸಂಗಾತಿ ಪಲಕ್ ಶಾ ಅವರಿಗಾಗಿ. ಐದಕ್ಷರದ ಸುಮಾರು 12,000 ಪದಗಳಲ್ಲಿ ನಮ್ಮಂಥವರಿಗೆ ಗೊತ್ತಿರುವ ಸುಮಾರು 2,500 ಪದಗಳನ್ನು, ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ ಆರಿಸಿಕೊಟ್ಟವರು ಪಲಕ್. 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಸಿಕ್ಕ ಈ ಆಟವನ್ನು 2022ರ ಜನವರಿ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೊಂಡುಕೊಂಡಿತು.

ಈ ಆಟದಿಂದ ಮಕ್ಕಳ ಸ್ಪೆಲ್ಲಿಂಗ್ ಸುಧಾರಿಸುತ್ತದೆ. ಲೈಟ್, ನೈಟ್, ರೈಟ್, ಫೈಟ್, ಮೈಟ್, ಸೈಟ್, ಟೈಟ್: ಏಳಕ್ಕೂ ಐದೇ ಅಕ್ಷರ, ಕೊನೆಯ ನಾಲ್ಕು ಒಂದೇ. ಒಂದನ್ನು ಕಲಿತರೆ ಏಳು ಬಂದ ಹಾಗೆ. ಆದರೆ ‘ಎಂಟು’ ಎಂಬರ್ಥದ ಏಟ್ ಕೂಡ ಅದೇ ನಾಲ್ಕು ಅಕ್ಷರ ಇಟ್ಟುಕೊಂಡಿದೆ, ಉಚ್ಚಾರ ಮಾತ್ರ ಬೇರೆ. ನಡುವಿನ ಜಿ ಮತ್ತು ಎಚ್ ಬಾಯಿಯನ್ನೇ ಬಿಡುವುದಿಲ್ಲ. ಅಂದರೆ ಇಂಗ್ಲಿಷಿನ ಆಟ ಕಣ್ಣಿನದು. ಓದಲು ಬಾರದವರಿಗೆ ಅಲ್ಲಿ ಜಾಗವಿಲ್ಲ.

ನಮ್ಮ ಮನೆಯಲ್ಲಿ ಇದು ಎದ್ದು ಕಂಡದ್ದು ಅತ್ತೆಯವರು ಧಾರವಾಡದಿಂದ ಎರಡು ತಿಂಗಳಿಗೆ ಬಂದಾಗ. ಮಗಳು ಫೋನಿನ ಮುಂದೆ, ಅಜ್ಜಿ ಅವಳ ಮುಂದೆ. ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ‘ಅಜ್ಜಿ, ಇದು ಲೆಟರ್ ಎಣಿಸೋ ಆಟ’ ಎಂದಳು. ‘ನನಗ ಎಬಿಸಿಡಿ ಬರಂಗಿಲ್ಲವಾ, ಚಪ್ಪಾಳಿ ಹೊಡೀಲಿಕ್ಕೆ ಬರತದ’ ಎಂದರು ಅತ್ತೆ. ಆ ಮಾತಿನಲ್ಲೇ ನಮಗೆ ದಾರಿ ಸಿಕ್ಕಿತು.

ಕನ್ನಡದಲ್ಲಿ ಅಕ್ಷರ ಎಂದರೆ ಒಂದು ಉಸಿರಿನ ಅಳತೆ, ಒಂದು ಚಪ್ಪಾಳೆ. ‘ಸ್ತ್ರೀ’ ಎಂದು ಬರೆಯಲು ಇಂಗ್ಲಿಷಿನಲ್ಲಿ ನಾಲ್ಕೈದು ಅಕ್ಷರ ಬೇಕು, ನಮಗೆ ಒಂದೇ. ‘ಕಲ್ಲು’ ಎರಡು ಚಪ್ಪಾಳೆ. ‘ಕನ್ನಡ’ ಮೂರು. ಎಣಿಸಲು ಕಿವಿ ಸಾಕು. ಲಿಪಿ ಬಾರದ ಮೊಮ್ಮಗಳೂ ಇಂಗ್ಲಿಷ್ ಬಾರದ ಅಜ್ಜಿಯೂ ಸಮಸಮ ಕೂತು ಆಡಬಹುದು.

ಆಟದ ಕ್ರಮ ಹಳೆಯದು. ‘ಆಲಿಸ್’ ಕಥೆ ಬರೆದ ಲೂಯಿಸ್ ಕ್ಯಾರಲ್ 1877ರ ಕ್ರಿಸ್‌ಮಸ್ ದಿನ, ಬೇಸರವೆಂದು ಕೂತಿದ್ದ ಇಬ್ಬರು ಹುಡುಗಿಯರಿಗಾಗಿ ಕಟ್ಟಿದ್ದು. ಪದದ ಉದ್ದ ಬದಲಾಗಬಾರದು, ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸಬೇಕು, ಪ್ರತಿ ಮೆಟ್ಟಿಲೂ ನಿಜವಾದ ಪದವಾಗಿರಬೇಕು. ಕ್ಯಾಟ್, ಕಾಟ್, ಡಾಟ್, ಡಾಗ್: ಬೆಕ್ಕು ಮೂರು ಹೆಜ್ಜೆಯಲ್ಲಿ ನಾಯಿಯಾಯಿತು.

ಇದನ್ನೇ ಕನ್ನಡದಲ್ಲಿ ನಮ್ಮ ವೇರೂಳಿಗೆ ಆಡೋಣ. ಹದಿನಾರನೇ ಗುಹೆಯ ಕೈಲಾಸವನ್ನು ನೀವೆಲ್ಲ ನೋಡಿದ್ದೀರಿ. ಎಂಟನೇ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದಲ್ಲಿ ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಮಾಡಿದ್ದು. ಈಗ ನೋಡಿ: ಕಲ್ಲು. ಎರಡನೇ ಅಕ್ಷರ ಬದಲಿಸಿ: ಕಡಿ. ಮೊದಲನೆಯದು ಬದಲಿಸಿ: ಗುಡಿ. ಇನ್ನೊಮ್ಮೆ ಮೊದಲನೆಯದನ್ನೇ ಬದಲಿಸಿ: ನುಡಿ. ಕೈಲಾಸದ ಕಥೆಯೆಲ್ಲ ಮೊದಲ ಮೂರು ಪದದಲ್ಲಿ ಬಂತು, ನಾಲ್ಕನೆಯದು ನಮ್ಮದು.

ಊರಿನ ಹೆಸರಲ್ಲೂ ಪಾಠವಿದೆ. ಎಲ್ಲೋರ ಎಂದು ಬರೆಯಲು ಇಂಗ್ಲಿಷಿಗೆ ಆರು ಅಕ್ಷರ, ಅದರಲ್ಲಿ ಎರಡು ಎಲ್. ಆದರೂ ‘ಳ’ ಬರಲಿಲ್ಲ. ವೇರೂಳ್ ಎಂದರೆ ಎರಡೇ ಚಪ್ಪಾಳೆ, ‘ಳ’ ಸಮೇತ. ಇದು ಮರಾಠಿಯವರದೂ ಹೌದು, ನಮ್ಮದೂ ಹೌದು. ಅವರ ಪುರಣಪೋಳಿಯಲ್ಲಿದೆ, ನಮ್ಮ ಹೋಳಿಗೆಯಲ್ಲೂ ಇದೆ. ಮನೆಯಲ್ಲಿ ‘ಕೇಳಿ’ ಎಂದರೆ ಮಕ್ಕಳು ಕಿವಿಗೊಡಬೇಕು; ಮಾರ್ಕೆಟ್ಟಿನಲ್ಲಿ ‘ಕೇಳೀ’ ಎಂದರೆ ಬಾಳೆಹಣ್ಣು ಕೊಡುತ್ತಾರೆ. ಮರಾಠಿ ಕಲಿತ ಮಕ್ಕಳು ಕನ್ನಡಕ್ಕೆ ದೂರದವರೇನಲ್ಲ.

ಮನೆಯಲ್ಲಿ ಹೀಗೆ ಶುರುಮಾಡಿ. ಮೊದಲು ಎರಡು ಅಕ್ಷರದ ಪದಗಳು ಮಾತ್ರ, ಬರಿಯ ಬಾಯಲ್ಲಿ, ಚಪ್ಪಾಳೆ ತಟ್ಟಿ. ಎರಡನೇ ವಾರ ಕಾಗುಣಿತ: ಕಡಿ, ಕಾಡಿ, ಕಿಡಿ, ಕುಡಿ, ಕೂಡಿ, ಕೇಡಿ, ಕೋಡಿ. ಏಳೂ ನಿಜವಾದ ಪದಗಳೇ. ಇಲ್ಲಿ ಹೇಳಿದಂತೆ ಬರಹ, ಬರೆದಂತೆ ಓದು. ಸುಮ್ಮನಿರುವ ಅಕ್ಷರ ಒಂದೂ ಇಲ್ಲ. ಮೂರನೇ ವಾರ ಆ ಏಳನ್ನೂ ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಕಿವಿಗೆ ಮೊದಲೇ ಗೊತ್ತಿರುವುದನ್ನು ಕಣ್ಣು ಬೇಗ ಹಿಡಿಯುತ್ತದೆ.

ಒಂದು ಎಚ್ಚರ. ಇಂಗ್ಲಿಷಿನಲ್ಲಿ ಒಂದು ಮನೆಗೆ 26 ಅಕ್ಷರಗಳಲ್ಲಿ ಒಂದು ಬರಬೇಕು. ನಮ್ಮ 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೆ, ಒತ್ತಕ್ಷರ ಬಿಟ್ಟೂ ಲೆಕ್ಕ ನಾನೂರು ದಾಟುತ್ತದೆ. ಆದ್ದರಿಂದ ಊಹಿಸುವ ಆಟವಾದರೆ ‘ಕು’ ಬದಲು ‘ಕಿ’ ಅಂದ ಮಗುವಿಗೆ ಅರ್ಧ ಅಂಕ ಕೊಡಿ. ಇಲ್ಲವಾದರೆ ಬೇಸರಪಟ್ಟು ಮತ್ತೆ ಫೋನ್ ಹಿಡಿಯುತ್ತಾರೆ.

ಮಕ್ಕಳು ವರ್ಡಲ್ ಬಿಡಲಿ ಎಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ಅವರಿಗೆ ಬೇಕು. ಆದರೆ ಊರಿನಿಂದ ಬಂದ ಅಜ್ಜಿ ಎರಡು ತಿಂಗಳು ಪಕ್ಕದಲ್ಲಿ ಸುಮ್ಮನೆ ಕೂತು ಹೋದರೆ, ಮುಂದಿನ ಸಲ ಅವರಿಬ್ಬರ ನಡುವೆ ಆಡಲು ಮಾತೇ ಉಳಿದಿರುವುದಿಲ್ಲ. ಸಂಘದ ಕನ್ನಡ ತರಗತಿ ವಾರಕ್ಕೆ ಒಂದು ಗಂಟೆ ನಡೆದೀತು. ಅಜ್ಜಿಯ ತರಗತಿ ಇಡೀ ದಿನದ್ದು.

ಹೊರನಾಡಿನಲ್ಲಿರುವ ನಮಗಾಗಿ ಒಂದು ಒಗಟು ಬಿಟ್ಟು ಹೋಗುತ್ತೇನೆ. ‘ಗಡಿ’ಯಿಂದ ‘ಮನೆ’ಗೆ ಎರಡೇ ಹೆಜ್ಜೆ. ನಡುವಿನ ಪದ ಯಾವುದು? ಅದು ಅಜ್ಜಿಯಂದಿರಿಗೆ ಚೆನ್ನಾಗಿ ಗೊತ್ತಿರುವ ಪದ. ಮಕ್ಕಳು ಅವರನ್ನೇ ಕೇಳಲಿ.